ಎದೆ ಮೊದಲೋ, ಭಯ ಮೊದಲೋ?

ಜನವರಿ ಮೊದಲ ವಾರ, ಮಂಗಳವಾರ ರಾತ್ರಿ ಹತ್ತೂಮುಕ್ಕಾಲು. ಬಿಲ್ಡಿಂಗಿನ ಲಿಫ್ಟ್ ಕೆಟ್ಟಿತ್ತು. ಮೂರು ಮಹಡಿ ಮೆಟ್ಟಿಲು ಹತ್ತಿ ಬಂದು ಬೀಗ ತೆಗೀತಿದ್ದೆ. ಎದೆ ಡವಡವ ಅಂತಿತ್ತು. ಮೆಟ್ಟಿಲು ಹತ್ತಿದ್ದಕ್ಕೆ ಅಂದ್ಕೊಂಡೆ. ಒಳಗೆ ಬಂದು, ಬ್ಯಾಗ್ ಇಟ್ಟು, ನೀರು ಕುಡಿದು ಕೂತರೂ ನಿಲ್ಲಲಿಲ್ಲ. ಕೈಯಲ್ಲಿದ್ದ ಸ್ಮಾರ್ಟ್ ವಾಚ್ ನೋಡಿದೆ: 118. ಎರಡು ನಿಮಿಷ ಬಿಟ್ಟು ನೋಡಿದೆ: 126. ಸುಮ್ಮನೆ ಕೂತವಳಿಗೆ ಯಾಕೆ ಜಾಸ್ತಿ ಆಗ್ಬೇಕು? ಇನ್ನೊಂದು ನಿಮಿಷಕ್ಕೆ 131.

ಆಮೇಲೆ ಎಡಗೈ ಬೆರಳುಗಳು ಜುಮುಜುಮು ಅನ್ನೋಕೆ ಶುರುವಾಯ್ತು. ಉಸಿರು ಸಾಲುತ್ತಿಲ್ಲ ಅನ್ನಿಸಿತು. ಎದೆ ಮೇಲೆ ಯಾರೋ ಕೂತ ಹಾಗೆ. ಆ ಹೊತ್ತಿಗೆ ನನಗೆ ಖಾತ್ರಿ ಆಗಿಹೋಗಿತ್ತು, ಇದು ಅದೇ ಅಂತ. ಅಪ್ಪನಿಗೆ ಬಂದಿದ್ದು.

ಅಮ್ಮನಿಗೆ ಫೋನ್ ಮಾಡಿದೆ. ನಮ್ಮಮ್ಮನ ಬಗ್ಗೆ ನಿಮಗೆ ಒಂದು ವಿಷಯ ಹೇಳಬೇಕು. ಆಕೆಗೆ ಗೊತ್ತಿರುವ ಕಾಯಿಲೆ ಎರಡೇ, ಒಂದು ಗ್ಯಾಸ್, ಇನ್ನೊಂದು ದೃಷ್ಟಿ. ತಲೆನೋವಿನಿಂದ ಹಿಡಿದು ಬೆನ್ನು ಹಿಡಿಯೋ ತನಕ ಎಲ್ಲ ಈ ಎರಡರಲ್ಲೇ ಮುಗಿಯುತ್ತೆ. ಅವತ್ತು ಮಾತ್ರ ಅಮ್ಮ ಒಂದು ಕ್ಷಣ ಸುಮ್ಮನಿದ್ದು, ‘ಈಗಲೇ ಆಸ್ಪತ್ರೆಗೆ ಹೋಗು. ಒಬ್ಬಳೇ ಹೋಗ್ಬೇಡ, ಪಕ್ಕದ ಮನೆಯವರನ್ನ ಎಬ್ಬಿಸು’ ಅಂದಳು. ಗ್ಯಾಸ್ ಅನ್ನಲಿಲ್ಲ. ಅನ್ನಲಿಲ್ಲವಲ್ಲ ಅಂತಲೇ ನನ್ನ ಕೈಕಾಲು ತಣ್ಣಗಾದವು.

ಪಕ್ಕದ ಮನೆ ಆಂಟಿ ನೈಟಿ ಮೇಲೆ ಶಾಲು ಹೊದ್ದುಕೊಂಡೇ ಆಟೋ ಹತ್ತಿದರು. ಅವರ ಋಣ ನನ್ನ ಮೇಲಿದೆ. ಆಸ್ಪತ್ರೆಯಲ್ಲಿ ತಕ್ಷಣ ಇಸಿಜಿ ಮಾಡಿದರು, ರಕ್ತ ತೆಗೆದರು. ಹೃದಯದ ಸ್ನಾಯುವಿಗೆ ಪೆಟ್ಟಾಗಿದ್ದರೆ ಟ್ರೋಪೊನಿನ್ ಅನ್ನೋ ಒಂದು ಪ್ರೋಟೀನು ರಕ್ತದಲ್ಲಿ ಏರುತ್ತಂತೆ. ಮೊದಲ ಸಲ ಸರಿಯಿದ್ದರೂ ಕೆಲವು ಗಂಟೆ ಬಿಟ್ಟು ಮತ್ತೊಮ್ಮೆ ನೋಡಬೇಕು ಅಂದರು. ಬೆಳಗಿನ ಜಾವ ಮೂರು ಗಂಟೆಗೆ ಎರಡನೇ ರಿಪೋರ್ಟೂ ಬಂತು. ಎಲ್ಲ ನಾರ್ಮಲ್.

ಡ್ಯೂಟಿಯಲ್ಲಿದ್ದ ಡಾಕ್ಟರ್ ಹೆಚ್ಚು ಕಡಿಮೆ ನನ್ನದೇ ವಯಸ್ಸಿನವರು. ಕಣ್ಣಲ್ಲಿ ನಿದ್ದೆ ತುಂಬಿತ್ತು, ಆದರೂ ಸ್ಟೂಲ್ ಎಳೆದುಕೊಂಡು ಕೂತರು.

‘ಇವತ್ತು ಎಷ್ಟು ಕಾಫಿ ಕುಡಿದ್ರಿ?’

‘ನಾಲ್ಕು. ಐದಿರಬಹುದು.’

‘ಊಟ?’

‘ಮಧ್ಯಾಹ್ನ ಒಂದು ಪಫ್ಸ್.’

‘ಆಫೀಸಲ್ಲಿ ಏನಾದ್ರೂ ಆಯ್ತಾ?’

ಆಗಿತ್ತು. ಮನೆಗೆ ಬರುವಾಗ ಮೆಟ್ರೋದಲ್ಲಿ ಮ್ಯಾನೇಜರ್ ಮೆಸೇಜ್ ನೋಡಿದ್ದೆ. ‘ನಾಳೆ ಬೆಳಿಗ್ಗೆ 9ಕ್ಕೆ ಹತ್ತು ನಿಮಿಷ ಮಾತಾಡೋಣ.’ ಅಷ್ಟೇ. ಮುಂದಿಲ್ಲ, ಹಿಂದಿಲ್ಲ. ನಮ್ಮ ಫ್ಲೋರಲ್ಲಿ ಡಿಸೆಂಬರಿನಿಂದ ಜನ ಕಡಿಮೆ ಆಗುತ್ತಲೇ ಇದ್ದಾರೆ.

‘ಬೆರಳು ಜುಮುಜುಮು ಅಂದಿದ್ದು ಹೃದಯದಿಂದ ಅಲ್ಲ, ಉಸಿರಿಂದ’ ಅಂದರು ಡಾಕ್ಟರ್.

ಅವತ್ತಿನಿಂದ ನನಗೆ ಇದೊಂದು ಹುಚ್ಚು ಹಿಡಿದಿದೆ. ಸಿಕ್ಕಿದ್ದೆಲ್ಲ ಓದ್ತಿದ್ದೀನಿ. ಆ ರಾತ್ರಿ ನನ್ನೊಳಗೆ ಏನಾಯ್ತು ಅಂತ ಈಗ ಒಂದು ಮಟ್ಟಿಗೆ ಹೇಳಬಲ್ಲೆ.

ಮೆದುಳಿನಲ್ಲಿ ಕಿವಿಯ ಮಟ್ಟದಲ್ಲಿ, ಎರಡೂ ಕಡೆ ಒಳಗೆ, ಬಾದಾಮಿ ಕಾಳಿನಷ್ಟು ದೊಡ್ಡದಾದ ಅಮಿಗ್ಡಲ ಅನ್ನೋ ಭಾಗ ಇದೆ. ಅಪಾಯದ ವಾಸನೆ ಹಿಡಿಯೋ ಕೆಲಸದಲ್ಲಿ ಅದರ ಪಾತ್ರ ದೊಡ್ಡದು. ಅಲ್ಲಿಂದ ಹೈಪೊಥಲಾಮಸ್‌ಗೆ ಸುದ್ದಿ, ಅಲ್ಲಿಂದ ನರಗಳ ಮೂಲಕ ಮೂತ್ರಪಿಂಡದ ನೆತ್ತಿ ಮೇಲೆ ಟೋಪಿ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಗೆ. ಕೆಲವೇ ಸೆಕೆಂಡಲ್ಲಿ ಅಡ್ರಿನಲಿನ್ ರಕ್ತಕ್ಕೆ ಬೀಳುತ್ತೆ. ಹೃದಯ ಜೋರಾಗುತ್ತೆ, ಉಸಿರು ಏರುತ್ತೆ, ಹೊಟ್ಟೆ ಕಡೆಗೆ ಹೋಗಬೇಕಾದ ರಕ್ತ ಕೈಕಾಲಿನ ಸ್ನಾಯುಗಳಿಗೆ ಹೋಗುತ್ತೆ, ಅಂಗೈ ಬೆವರುತ್ತೆ. ಓಡು, ಇಲ್ಲ ಹೊಡಿ ಅನ್ನೋ ತಯಾರಿ. ಮ್ಯಾನೇಜರಿನ ಮೆಸೇಜಿನ ಮುಂದೆ ಓಡೋಕೂ ಆಗಲ್ಲ, ಹೊಡೆಯೋಕೂ ಆಗಲ್ಲ ಅನ್ನೋದು ಬೇರೆ ವಿಷಯ. ದೇಹಕ್ಕೆ ಅದು ಗೊತ್ತಿಲ್ಲ.

ಓಡದೆ ಕೂತಲ್ಲೇ ಜೋರಾಗಿ ಉಸಿರಾಡಿದರೆ ಇನ್ನೊಂದು ಎಡವಟ್ಟು ಆಗುತ್ತೆ. ರಕ್ತದಲ್ಲಿರೋ ಕಾರ್ಬನ್ ಡೈಆಕ್ಸೈಡ್ ಬೇಕಾದ್ದಕ್ಕಿಂತ ಕಡಿಮೆ ಆಗುತ್ತೆ. ಅದು ಹೊರಗೆ ಹೋಗಬೇಕಾದ ಕಸ ಅಂತ ನಾವು ಸ್ಕೂಲಲ್ಲಿ ಓದಿದ್ದೀವಿ, ಆದರೆ ಅದು ಅಳತೆಯಲ್ಲಿ ಇರಲೇಬೇಕು. ಕಡಿಮೆ ಆದರೆ ಮೆದುಳಿನ ರಕ್ತನಾಳ ಕಿರಿದಾಗುತ್ತೆ, ತಲೆ ಹಗುರವಾಗಿ ತಿರುಗಿದ ಹಾಗಾಗುತ್ತೆ. ನರಗಳು ಚುರುಕಾಗಿ ಬೆರಳು, ತುಟಿ ಜುಮುಜುಮು ಅನ್ನುತ್ತವೆ. ತಮಾಷೆ ಅಂದರೆ, ಜಾಸ್ತಿ ಉಸಿರಾಡ್ತಿರುವವನಿಗೇ ಉಸಿರು ಸಾಲುತ್ತಿಲ್ಲ ಅನ್ನಿಸೋದು. ಆಗ ಏನ್ಮಾಡ್ತೀವಿ? ಇನ್ನೂ ಜೋರಾಗಿ ಎಳೆದುಕೊಳ್ತೀವಿ.

ಡೇವಿಡ್ ಕ್ಲಾರ್ಕ್ ಅನ್ನೋ ಬ್ರಿಟಿಷ್ ಮನಶ್ಶಾಸ್ತ್ರಜ್ಞರು 1986ರಲ್ಲಿ ಈ ಸುತ್ತನ್ನು ವಿವರಿಸಿದರು. ದೇಹದಲ್ಲಿ ಏನೋ ಒಂದು ಸಣ್ಣ ಬದಲಾವಣೆ. ಮನಸ್ಸು ಅದಕ್ಕೆ ಕೆಟ್ಟ ಅರ್ಥ ಕೊಡುತ್ತೆ, ಸತ್ತೇ ಹೋಗ್ತೀನಿ ಅಂತ. ಆ ಅರ್ಥದಿಂದ ಭಯ, ಭಯದಿಂದ ದೇಹದಲ್ಲಿ ಇನ್ನಷ್ಟು ಬದಲಾವಣೆ, ಅದನ್ನ ನೋಡಿ ಮನಸ್ಸಿಗೆ ಇನ್ನಷ್ಟು ಖಾತ್ರಿ. ನನ್ನ ವಾಚ್ ಈ ಸುತ್ತಿಗೆ ಎಣ್ಣೆ ಹೊಯ್ಯುತ್ತಿತ್ತು. 118 ನೋಡಿ ಹೆದರಿದ್ದಕ್ಕೆ 126, 126 ನೋಡಿ ಹೆದರಿದ್ದಕ್ಕೆ 131.

ಇಲ್ಲೊಂದು ಮಾತು ಹೇಳಲೇಬೇಕು. ಇದನ್ನೋದಿ ‘ಓ, ಎದೆನೋವೆಲ್ಲ ಮನಸ್ಸಿನದ್ದೇ’ ಅಂದ್ಕೊಂಡು ಮಲಗಬೇಡಿ. ಪ್ಯಾನಿಕ್ಕೋ ಹಾರ್ಟ್ ಅಟ್ಯಾಕೋ ಅಂತ ಮನೆಯಲ್ಲಿ ಕೂತು ಯಾರೂ ಹೇಳೋಕಾಗಲ್ಲ. ಡಾಕ್ಟರಿಗೇ ಇಸಿಜಿ, ರಕ್ತಪರೀಕ್ಷೆ ಬೇಕಾಯ್ತು. ಎದೆ ಹಿಡಿದುಕೊಂಡರೆ, ಎಡಗೈಗೋ ದವಡೆಗೋ ನೋವು ಹರಿದರೆ, ತಣ್ಣನೆ ಬೆವರು ಬಂದರೆ 108ಕ್ಕೆ ಫೋನ್ ಮಾಡಿ, ಇಲ್ಲ ಆಟೋ ಹತ್ತಿ. ನಾಚಿಕೆ ಆಮೇಲೆ ಪಟ್ಟುಕೊಂಡರಾಯ್ತು.

ಸರಿ, ಆದರೆ ನನ್ನ ತಲೆ ಕೊರೆದ ಪ್ರಶ್ನೆ ಬೇರೆ. ಎದೆ ಹೊಡೆದುಕೊಂಡಿದ್ದು ಮೊದಲು, ಭಯ ಆಮೇಲೆ. ಹಾಗಾದರೆ ಭಯ ಅನ್ನೋದು ಹುಟ್ಟಿದ್ದು ಎಲ್ಲಿ?

ಇದೇ ಪ್ರಶ್ನೆಯನ್ನ ಅಮೆರಿಕದ ವಿಲಿಯಂ ಜೇಮ್ಸ್ 1884ರಲ್ಲಿ ಎತ್ತಿದ್ದರು. ಕಾಡಲ್ಲಿ ಕರಡಿ ಕಂಡಾಗ ನಾವು ಹೆದರಿ ಓಡ್ತೀವಿ ಅಂತ ಎಲ್ಲರೂ ಹೇಳ್ತಾರೆ, ಅದು ತಿರುಗುಮುರುಗು ಅಂತ ಅವರ ವಾದ. ಕಂಡ ತಕ್ಷಣ ದೇಹ ಓಡೋಕೆ, ನಡುಗೋಕೆ ಶುರು ಮಾಡುತ್ತೆ. ಆ ನಡುಕದ ಅರಿವೇ ಭಯ. ನಡುಕ, ಎದೆಬಡಿತ, ಒಣಗಿದ ಬಾಯಿ ಇವನ್ನೆಲ್ಲ ಒಂದೊಂದಾಗಿ ತೆಗೆದುಬಿಟ್ಟರೆ ಭಯ ಅಂತ ಉಳಿಯೋದಾದರೂ ಏನು ಅಂತ ಕೇಳಿದರು. ಮರುವರ್ಷ ಡೆನ್ಮಾರ್ಕಿನ ವೈದ್ಯ ಕಾರ್ಲ್ ಲ್ಯಾಂಗೆ ಕೂಡ ತಮ್ಮಷ್ಟಕ್ಕೆ ತಾವು ಹೆಚ್ಚು ಕಡಿಮೆ ಇದನ್ನೇ ಬರೆದರು. ಹಾಗಾಗಿ ಪುಸ್ತಕಗಳಲ್ಲಿ ಇಬ್ಬರ ಹೆಸರೂ ಜೋಡಿಯಾಗಿ ಇರುತ್ತೆ.

ಮೊದಲ ಸಲ ಓದಿದಾಗ ನನಗೆ ಇದು ವಿತಂಡವಾದ ಅನ್ನಿಸಿತ್ತು. ಈಗ ಹಾಗನ್ನಿಸಲ್ಲ. ನೀವೇ ಯೋಚಿಸಿ, ರಸ್ತೆ ದಾಟುವಾಗ ಬೈಕ್ ಪಕ್ಕದಲ್ಲೇ ಸುಯ್ಯನೆ ಹೋದರೆ ಮೊದಲು ಹಿಂದಕ್ಕೆ ಹಾರಿರ್ತೀರಿ. ಎದೆ ಝಲ್ಲೆಂದು ‘ಅಯ್ಯೋ’ ಅನ್ನೋದು ಫುಟ್‌ಪಾತ್ ಮೇಲೆ ನಿಂತ ಮೇಲೆ.

ಆದರೆ ಜೇಮ್ಸ್‌ಗೆ ಸವಾಲು ಬಂದಿದ್ದು ಅವರದೇ ಹಾರ್ವರ್ಡಿನಿಂದ, ಅವರ ಪಾಠ ಕೇಳಿದ್ದ ವಾಲ್ಟರ್ ಕ್ಯಾನನ್‌ರಿಂದ. ಇವರು ಶರೀರಶಾಸ್ತ್ರಜ್ಞರು. ಎಕ್ಸ್‌ರೇ ಆಗಷ್ಟೇ ಬಂದಿದ್ದ ಕಾಲದಲ್ಲಿ ಬೆಕ್ಕುಗಳ ಜೀರ್ಣಕ್ರಿಯೆ ನೋಡ್ತಿದ್ದರು. ಬೆಕ್ಕು ಗಾಬರಿಯಾದ ತಕ್ಷಣ ಅದರ ಹೊಟ್ಟೆಯ ಅಲುಗಾಟ ಗಪ್ಪನೆ ನಿಲ್ಲೋದು ಅವರ ಕಣ್ಣಿಗೆ ಬಿತ್ತು. ‘ಹೋರಾಟ ಇಲ್ಲ ಪಲಾಯನ’ ಅನ್ನೋ ಕಲ್ಪನೆ ಬೆಳೆದಿದ್ದು ಅವರಿಂದಲೇ. (ಪರೀಕ್ಷೆ ದಿನ ಬೆಳಿಗ್ಗೆ ಇಡ್ಲಿ ಗಂಟಲಲ್ಲಿ ಇಳಿಯದೇ ಇದ್ದದ್ದಕ್ಕೆ ಕಾರಣ ಇದೇ.) 1927ರಲ್ಲಿ ಕ್ಯಾನನ್ ಕೇಳಿದ್ದು ಇಷ್ಟು: ಕೋಪ ಬಂದರೂ ಎದೆ ಹೊಡೆದುಕೊಳ್ಳುತ್ತೆ, ಭಯಕ್ಕೂ ಹೊಡೆದುಕೊಳ್ಳುತ್ತೆ, ಜ್ವರ ಬಂದರೂ ಹೊಡೆದುಕೊಳ್ಳುತ್ತೆ. ದೇಹದ ಗಲಾಟೆ ಇಷ್ಟೊಂದು ಒಂದೇ ತರ ಇರುವಾಗ ಇದು ಕೋಪ, ಇದು ಭಯ ಅಂತ ಮನಸ್ಸಿಗೆ ಗೊತ್ತಾಗೋದು ಹೇಗೆ? ಸುಮ್ಮನೆ ಅಡ್ರಿನಲಿನ್ ಚುಚ್ಚಿದರೆ ಜನಕ್ಕೆ ಭಯ ಆದ ಹಾಗೆ ಆಗುತ್ತೆ, ಭಯ ಆಗಲ್ಲವಲ್ಲ?

ಒಳ್ಳೆ ಪ್ರಶ್ನೆ. ಉತ್ತರ ಹುಡುಕೋಕೆ 1962ರಲ್ಲಿ ಸ್ಟ್ಯಾನ್ಲಿ ಶಾಕ್ಟರ್, ಜೆರೋಮ್ ಸಿಂಗರ್ ಇಬ್ಬರೂ ಒಂದು ಪ್ರಯೋಗ ಮಾಡಿದರು. ಕಾಲೇಜು ಹುಡುಗರಿಗೆ ಕಣ್ಣಿನ ದೃಷ್ಟಿಗೆ ವಿಟಮಿನ್ ಅಂತ ಸುಳ್ಳು ಹೇಳಿ ಅಡ್ರಿನಲಿನ್ ಚುಚ್ಚಿದರು. ಕೆಲವರಿಗೆ ಎದೆ ಹೊಡೆದುಕೊಳ್ಳುತ್ತೆ, ಕೈ ನಡುಗುತ್ತೆ ಅಂತ ಮೊದಲೇ ಹೇಳಿದ್ದರು, ಕೆಲವರಿಗೆ ಹೇಳಿರಲಿಲ್ಲ. ಆಮೇಲೆ ಒಬ್ಬ ನಟನ ಜೊತೆ ಕೂರಿಸಿದರು. ಒಂದು ಕೋಣೆಯಲ್ಲಿ ಅವನು ಪೇಪರ್ ವಿಮಾನ ಹಾರಿಸಿ ಕುಣಿದಾಡ್ತಾನೆ, ಇನ್ನೊಂದರಲ್ಲಿ ಸಿಟ್ಟಿನಿಂದ ಕೂಗಾಡ್ತಾನೆ. ಎದೆ ಯಾಕೆ ಹೊಡೆದುಕೊಳ್ತಿದೆ ಅಂತ ಗೊತ್ತಿಲ್ಲದ ಹುಡುಗರು ಪಕ್ಕದವನ ಮೂಡನ್ನೇ ತಮ್ಮದು ಮಾಡಿಕೊಳ್ಳೋ ಕಡೆ ವಾಲಿದರು. ಕಾರಣ ಗೊತ್ತಿದ್ದವರು ಅಷ್ಟಾಗಿ ವಾಲಲಿಲ್ಲ. ಈ ಪ್ರಯೋಗವನ್ನ ಆಮೇಲೆ ಬೇರೆಯವರು ಮಾಡಿದಾಗ ಹೀಗೇ ಬರಲಿಲ್ಲ, ಹಾಗಾಗಿ ನಾನು ಇದನ್ನ ಪೂರ್ತಿ ತಲೆ ಮೇಲೆ ಹೊತ್ಕೊಳ್ಳಲ್ಲ. ಆದರೆ ಪ್ರಶ್ನೆ ಕೇಳಿದ ರೀತಿ ನನಗಿಷ್ಟ.

ಇದೇ ಜಾಡಿನಲ್ಲಿ ಇನ್ನೊಂದು, ಎಲ್ಲರಿಗೂ ಇಷ್ಟವಾಗೋ ಕಥೆ ಇದೆ. ಕೆನಡಾದ ವ್ಯಾಂಕೂವರ್ ಹತ್ತಿರ ಕ್ಯಾಪಿಲಾನೊ ಅನ್ನೋ ತೂಗುಸೇತುವೆ. ಕೆಳಗೆ 230 ಅಡಿ ಆಳ. 1974ರಲ್ಲಿ ಡಟನ್ ಮತ್ತು ಆರನ್ ಅನ್ನೋ ಸಂಶೋಧಕರು ಅಲ್ಲಿಗೆ ಒಬ್ಬ ಹುಡುಗಿಯನ್ನ ಕಳಿಸಿ, ಸೇತುವೆ ದಾಟುವ ಗಂಡಸರಿಗೆ ನಾಲ್ಕು ಪ್ರಶ್ನೆ ಕೇಳಿಸಿ, ‘ಹೆಚ್ಚಿನ ವಿವರ ಬೇಕಿದ್ದರೆ ಫೋನ್ ಮಾಡಿ’ ಅಂತ ನಂಬರ್ ಕೊಡಿಸಿದರು. ನಂಬರ್ ತಗೊಂಡ 18 ಜನರಲ್ಲಿ 9 ಮಂದಿ ಫೋನ್ ಮಾಡಿದರು. ಅಲ್ಲಾಡದ ಗಟ್ಟಿ ಸೇತುವೆ ಮೇಲೆ ನಂಬರ್ ತಗೊಂಡ 16 ಜನರಲ್ಲಿ ಮಾಡಿದ್ದು ಇಬ್ಬರೇ. ತೂಗುಸೇತುವೆಯವರ ಎದೆ ಹೊಡೆದುಕೊಂಡಿದ್ದು ಆಳ ನೋಡಿ, ಅವರು ಅಂದುಕೊಂಡಿದ್ದು ಹುಡುಗಿಯನ್ನ ನೋಡಿ ಅಂತ! ಸಂಖ್ಯೆ ಸಣ್ಣದು, ಇದರ ಮೇಲೆ ಮದುವೆ ನಿಶ್ಚಯ ಮಾಡಬೇಡಿ. ಫಸ್ಟ್ ಡೇಟಿಗೆ ಹಾರರ್ ಸಿನಿಮಾಗೆ ಕರೆದುಕೊಂಡು ಹೋಗೋ ಹುಡುಗರಿಗೆ ಇದು ಯಾರು ಹೇಳಿಕೊಟ್ಟರೋ.

ಈಗಿನವರು ಏನಂತಾರೆ? ಜೇಮ್ಸ್ ಪೂರ್ತಿ ಸರಿಯಲ್ಲ, ಕ್ಯಾನನ್ ಕೂಡ ಪೂರ್ತಿ ಸರಿಯಲ್ಲ ಅಂತಾರೆ. ಮೆದುಳು ಪೆಟ್ಟಿಗೆಯೊಳಗೆ ಕೂತ ಗುಮಾಸ್ತನ ಹಾಗೆ. ಹೊರಗಿನದ್ದು ಕಣ್ಣು, ಕಿವಿ ಮೂಲಕ ಬರುತ್ತೆ. ಒಳಗಿನದ್ದು, ಅಂದರೆ ಹೃದಯ, ಹೊಟ್ಟೆ, ಶ್ವಾಸಕೋಶದ ಸುದ್ದಿ, ಬೇರೆ ದಾರಿಯಲ್ಲಿ ಬರುತ್ತೆ. ಆ ದಾರಿಗಳಲ್ಲಿ ಮುಖ್ಯವಾದದ್ದು ವೇಗಸ್ ನರ, ಮೆದುಳಿನ ಬುಡದಿಂದ ಕತ್ತು, ಎದೆ ದಾಟಿ ಹೊಟ್ಟೆ ತನಕ ಇಳಿದಿರೋದು. ನಾನು ಅಂದುಕೊಂಡಿದ್ದು ಮೆದುಳು ಅದರಲ್ಲಿ ಆರ್ಡರ್ ಕಳಿಸುತ್ತೆ ಅಂತ. ಅದರ ಎಳೆಗಳಲ್ಲಿ ನೂರಕ್ಕೆ ಸುಮಾರು 80 ಭಾಗ ಕೆಳಗಿಂದ ಮೇಲಕ್ಕೆ ಸುದ್ದಿ ಒಯ್ಯುವಂಥವು! ಆ ಸುದ್ದಿಯನ್ನೆಲ್ಲ ಇನ್ಸುಲ ಅನ್ನೋ ಭಾಗದಲ್ಲಿ ಒಟ್ಟು ಹಾಕಿಕೊಂಡು, ಹಳೆಯ ಅನುಭವದ ಫೈಲು ತೆಗೆದು, ‘ಹೋದ ಸಲ ಹೀಗೆ ಆದಾಗ ಏನಾಗಿತ್ತು?’ ಅಂತ ನೋಡಿ, ಮೆದುಳು ಒಂದು ಊಹೆ ಮಾಡುತ್ತೆ. ಆ ಊಹೆಯೇ ಭಾವನೆ ಅಂತ ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಥರದವರು ವಾದಿಸ್ತಾರೆ. ಎಲ್ಲರೂ ಒಪ್ಪಿಲ್ಲ. ನನ್ನ ರಾತ್ರಿಗೆ ಮಾತ್ರ ಇದು ಸರಿಯಾಗಿ ಹೊಂದುತ್ತೆ. ಯಾಕೆ ಅಂತ ಮುಂದೆ ಹೇಳ್ತೀನಿ.

ಇದೆಲ್ಲ ಓದುವಾಗ ನನಗೆ ಅನ್ನಿಸಿದ್ದು, ನಮ್ಮ ಕನ್ನಡಕ್ಕೆ ಇದು ಮೊದಲಿಂದ ಗೊತ್ತಿತ್ತೇನೋ ಅಂತ. ಹೊಟ್ಟೆಕಿಚ್ಚು. ಕರುಳು ಚುರ್ ಅನ್ನೋದು. ಎದೆ ಭಾರ. ಗಂಟಲು ಕಟ್ಟಿತು. ಪಿತ್ತ ನೆತ್ತಿಗೇರಿತು. ಮೈ ಪರಚಿಕೊಳ್ಳೋ ಹಾಗಾಯ್ತು. ಮೂಗಿನ ತುದಿಯಲ್ಲೇ ಕೋಪ. ಭಾವನೆಗೆ ದೇಹದಲ್ಲಿ ವಿಳಾಸ ಕೊಡದೆ ನಮ್ಮಜ್ಜಿಯರು ಮಾತೇ ಆಡ್ತಿರಲಿಲ್ಲ. ಭರತನ ನಾಟ್ಯಶಾಸ್ತ್ರದಲ್ಲಿ ಎಂಟು ಸಾತ್ವಿಕ ಭಾವ ಇವೆ: ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ. ಮರಗಟ್ಟೋದು, ಬೆವರೋದು, ಕೂದಲು ನಿಮಿರೋದು, ದನಿ ಬದಲಾಗೋದು, ನಡುಗೋದು, ಬಣ್ಣ ಬಿಳಿಚೋದು, ಕಣ್ಣೀರು, ಪ್ರಜ್ಞೆ ತಪ್ಪೋದು. ಎಂಟೂ ದೇಹದ್ದೇ. ಆದರೆ ಇವು ಮನಸ್ಸಿನಿಂದ ಹುಟ್ಟುವಂಥವು, ಮನಸ್ಸು ಬೇರೆಲ್ಲೋ ಇಟ್ಟುಕೊಂಡ ನಟ ಇವನ್ನ ತೋರಿಸಲಾರ ಅಂತ ಅದರ ಅಭಿಪ್ರಾಯ. ಡ್ಯಾನ್ಸ್ ಕ್ಲಾಸಿಗೆ ಹೋಗ್ತಿದ್ದ ದಿನಗಳಲ್ಲಿ ಈ ಪಟ್ಟಿಯನ್ನ ಬಾಯಿಪಾಠ ಮಾಡಿ ಮರೆತಿದ್ದೆ. ಆ ರಾತ್ರಿ ಎಂಟರಲ್ಲಿ ಆರು ನನ್ನ ಮೈಮೇಲೇ ಇದ್ದವು.

ಮತ್ತೆ ನಮ್ಮಲ್ಲಿ ಹೆಸರುಗಳಾದರೂ ಎಷ್ಟು! ಗಾಬರಿ ಬೇರೆ, ದಿಗಿಲು ಬೇರೆ. ಕಳವಳ ಬೇರೆ, ತಳಮಳ ಬೇರೆ. ಕಸಿವಿಸಿ, ಇರಿಸುಮುರಿಸು, ದುಗುಡ, ಅಂಜಿಕೆ. ಸಂಕಟ ಅನ್ನೋದಂತೂ ಹೊಟ್ಟೆಗೂ ಆಗುತ್ತೆ, ಮನಸ್ಸಿಗೂ ಆಗುತ್ತೆ, ಎರಡಕ್ಕೂ ಒಂದೇ ಪದ. ಇಷ್ಟೆಲ್ಲ ಇಟ್ಟುಕೊಂಡು ನಾವು ದಿನಾ ಬಳಸೋದು ಒಂದೇ: ಟೆನ್ಷನ್. ಬಾಸ್ ಬೈದರೂ ಟೆನ್ಷನ್, ಅತ್ತೆ ಬಂದರೂ ಟೆನ್ಷನ್, ಓಟಿಪಿ ಬರದಿದ್ದರೂ ಟೆನ್ಷನ್. ಇದು ಭಾಷಾಭಿಮಾನದ ಮಾತಲ್ಲ. ಕ್ಯಾಲಿಫೋರ್ನಿಯಾದ ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಿಟ್ಟಿನ, ಭಯದ ಮುಖಗಳನ್ನ ನೋಡ್ತಾ ಆ ಭಾವನೆಗೆ ಹೆಸರು ಹೇಳಿದಾಗ ಅಮಿಗ್ಡಲದ ಚಟುವಟಿಕೆ ಇಳಿದಿದ್ದು ಸ್ಕ್ಯಾನಿನಲ್ಲಿ ಕಂಡಿತ್ತು. ಹೆಸರು ಹೇಳೋದು ಕೂಡ ದೇಹಕ್ಕೆ ಮುಟ್ಟುತ್ತೆ ಅಂದಂಗಾಯ್ತು.

ಉಲ್ಟಾ ದಾರಿಯೂ ಇದೆ, ಅದನ್ನ ಹೇಳದಿದ್ದರೆ ತಪ್ಪಾಗುತ್ತೆ. ‘ಎದೆ ಒಡೆದು ಸತ್ತ’ ಅಂತಾರಲ್ಲ, ಅದು ಬರೀ ಮಾತಲ್ಲ. 1990ರಲ್ಲಿ ಜಪಾನಿನ ವೈದ್ಯರು ಒಂದು ವಿಚಿತ್ರ ಹೃದಯದ ಸ್ಥಿತಿಯನ್ನ ವರ್ಣಿಸಿದರು. ಲಕ್ಷಣವೆಲ್ಲ ಹಾರ್ಟ್ ಅಟ್ಯಾಕಿನದ್ದೇ, ಆದರೆ ರಕ್ತನಾಳದಲ್ಲಿ ಅದಕ್ಕೆ ತಕ್ಕ ಬ್ಲಾಕ್ ಇರಲ್ಲ. ಹೃದಯದ ಎಡ ಕೆಳಕೋಣೆ ತುದಿಯಲ್ಲಿ ಊದಿಕೊಂಡು, ಕತ್ತು ಸಣ್ಣದಾಗಿ, ಒಂದು ಮಡಕೆ ಥರ ಕಾಣುತ್ತೆ. ಜಪಾನಿನ ಮೀನುಗಾರರು ಆಕ್ಟೋಪಸ್ ಹಿಡಿಯೋಕೆ ಇಡೋ ಅಂಥ ಮಡಕೆಗೆ ತಕೋತ್ಸುಬೊ ಅಂತಾರೆ, ಕಾಯಿಲೆಗೂ ಅದೇ ಹೆಸರು. ಹೆಚ್ಚಾಗಿ ಮುಟ್ಟು ನಿಂತ ಹೆಂಗಸರಲ್ಲಿ, ಗಂಡನೋ ಮಗನೋ ತೀರಿಕೊಂಡಂಥ ದೊಡ್ಡ ಆಘಾತದ ಬೆನ್ನಿಗೆ ಕಾಣಿಸಿಕೊಳ್ಳುತ್ತೆ. ಬಹಳಷ್ಟು ಜನ ಕೆಲವು ವಾರಗಳಲ್ಲಿ ಚೇತರಿಸಿಕೊಳ್ತಾರೆ, ಎಲ್ಲರೂ ಅಲ್ಲ. ದುಃಖ ಹೃದಯದ ಆಕಾರವನ್ನೇ ಬದಲಾಯಿಸಬಲ್ಲದು ಅನ್ನೋದನ್ನ ಓದಿ ನಾನು ಫೋನ್ ಪಕ್ಕಕ್ಕಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಅಮ್ಮ ನೆನಪಾಗಿದ್ದಳು.

ಈಗ ಅಪ್ಪನ ವಿಷಯ.

ಬೆಂಗಳೂರಿನಲ್ಲಿ ನಮ್ಮ ವಯಸ್ಸಿನವರಿಗೆ ಎದೆ ಸ್ವಲ್ಪ ಹಿಡಿದರೂ ಹೆದರಿಕೆ ಆಗೋಕೆ ಒಂದು ದಿನಾಂಕ ಇದೆ: 2021ರ ಅಕ್ಟೋಬರ್ 29. ಅಪ್ಪು 46ನೇ ವಯಸ್ಸಿಗೇ ಹೋದಮೇಲೆ ಹೃದಯದ ಆಸ್ಪತ್ರೆಗಳ ಮುಂದೆ ಯುವಕರ ಕ್ಯೂ ಹೇಗಿತ್ತು ಅಂತ ನಿಮಗೆ ನೆನಪಿರಬಹುದು. ನನಗೆ ಅದಕ್ಕಿಂತ ಹಿಂದಿನ ಒಂದು ದಿನ ಇದೆ. ಒಂಬತ್ತು ವರ್ಷದ ಹಿಂದಿನ ಜನವರಿ, ಅರಸೀಕೆರೆಯ ನಮ್ಮ ಮನೆ. ಅವತ್ತು ರಾತ್ರಿ ಅವರೆಕಾಳು ಸಾರು, ಮುದ್ದೆ. ಅಪ್ಪನಿಗೆ ಪ್ರಾಣ. ಎರಡು ಸಲ ಬಡಿಸಿಕೊಂಡು ತಿಂದಿದ್ದರು. ಹನ್ನೊಂದು ಗಂಟೆಗೆ ಎದೆ ಹಿಡಿದುಕೊಂಡ ಹಾಗಾಗ್ತಿದೆ ಅಂದರು. ಅಮ್ಮ, ‘ಗ್ಯಾಸ್ ಇರ್ಬೇಕು ಕಣ್ರೀ, ಅವರೆಕಾಳು ನೋಡಿ. ಸ್ವಲ್ಪ ಓಂಕಾಳು ಅಗೀರಿ’ ಅಂದಳು. ಅಪ್ಪ ಓಂಕಾಳು ಅಗಿದು ಬಿಸಿನೀರು ಕುಡಿದು ಮಲಗಿದರು. ಎರಡು ಗಂಟೆಗೆ ಗಾಡಿ ಮಾಡಿಕೊಂಡು ಹೊರಟಾಗ ತಡವಾಗಿತ್ತು. 54 ವಯಸ್ಸು.

ನಾನಾಗ ಹಾಸ್ಟೆಲಿನಲ್ಲಿದ್ದೆ. ಈ ಮಾತು ಅಮ್ಮ ನನಗೆ ಹೇಳಿದ್ದಲ್ಲ, ಚಿಕ್ಕಮ್ಮ ಹೇಳಿದ್ದು. ಅವತ್ತಿನಿಂದ ನಮ್ಮ ಮನೆಯಲ್ಲಿ ಅವರೆಕಾಯಿ ತಂದಿಲ್ಲ. ಯಾಕೆ ಅಂತ ನಾನೂ ಕೇಳಿಲ್ಲ, ಅಮ್ಮನೂ ಹೇಳಿಲ್ಲ.

ಆಸ್ಪತ್ರೆಯಿಂದ ಬಂದ ಮೂರು ದಿನಕ್ಕೆ ನಾನು ಮತ್ತೆ ಅದೇ ಮೆಟ್ಟಿಲು ಹತ್ತುತ್ತಿದ್ದೆ. ಎರಡನೇ ಮಹಡಿ ಹತ್ತಿರ ನಿಂತುಬಿಟ್ಟೆ. ಆ ಮನೆಯಿಂದ ಸೊಗಡವರೆ ಸಾರಿನ ಘಮ ಬರ್ತಿತ್ತು. ಸೀಸನ್ ಅಲ್ವಾ, ದಿನಾ ಮಾಡ್ತಿದ್ದಾರೇನೋ. ಮಂಗಳವಾರ ರಾತ್ರಿಯೂ ಬಂದಿತ್ತಾ? ನನಗೆ ನೆನಪಿಲ್ಲ, ಪ್ರಮಾಣ ಮಾಡಿ ಹೇಳೋಕಾಗಲ್ಲ. ವಾಸನೆಯ ಸುದ್ದಿ ಮಾತ್ರ ಬೇರೆ ಇಂದ್ರಿಯಗಳದ್ದರ ಹಾಗೆ ಬಳಸುದಾರಿ ಹಿಡಿಯದೆ ಅಮಿಗ್ಡಲಕ್ಕೆ ನೇರವಾಗಿ ಮುಟ್ಟುತ್ತೆ ಅಂತ ಓದಿದ್ದೆ. ಐದು ಕಾಫಿ, ಖಾಲಿ ಹೊಟ್ಟೆ, ಮ್ಯಾನೇಜರ್ ಮೆಸೇಜ್, ಮೂರು ಮಹಡಿ ಮೆಟ್ಟಿಲು, ಜನವರಿ ರಾತ್ರಿ, ಆ ಘಮ. ಗುಮಾಸ್ತ ಹಳೆಯ ಫೈಲು ತೆಗೆದಿದ್ದಾನೆ. ಸಿಕ್ಕಿದ್ದು ಅಪ್ಪನ ಫೈಲು. ಇದು ನನ್ನ ಊಹೆ, ಅಷ್ಟೇ.

ಅಂದಹಾಗೆ ಮ್ಯಾನೇಜರ್ ಮಾತಾಡಬೇಕಿದ್ದದ್ದು ಸಂಕ್ರಾಂತಿ ವಾರದಲ್ಲಿ ಯಾರ್ಯಾರಿಗೆ ರಜೆ ಅನ್ನೋ ಬಗ್ಗೆ. ಆಸ್ಪತ್ರೆ ಬಿಲ್ ಅವರಿಗೇ ಕಳಿಸೋಣ ಅನ್ನಿಸಿತು. ಹತ್ತು ಅಕ್ಷರ ಜಾಸ್ತಿ ಟೈಪ್ ಮಾಡಿದ್ದರೆ ನನ್ನ ಒಂದು ರಾತ್ರಿ ಉಳಿಯುತ್ತಿತ್ತು. ಟೀಮ್ ಲೀಡುಗಳು ಯಾರಾದರೂ ಇದನ್ನ ಓದ್ತಿದ್ದರೆ, ದಯವಿಟ್ಟು ವಿಷಯ ಏನು ಅಂತಲೂ ಬರೀರಿ.

ಆಮೇಲೆ ಎರಡು ಸಲ ಶುರುವಾಗಿತ್ತು. ಎರಡು ಸಲವೂ ಪೂರ್ತಿ ಏರಲಿಲ್ಲ. ಡಾಕ್ಟರ್ ಹೇಳಿಕೊಟ್ಟಿದ್ದು ಒಂದೇ ಉಪಾಯ: ಉಸಿರು ಒಳಗೆಳೆಯೋದಕ್ಕಿಂತ ಹೊರಬಿಡೋದನ್ನ ಉದ್ದ ಮಾಡಿ. ಉಸಿರು ಬಿಡುವಾಗ ವೇಗಸ್ ನರದ ಹಿಡಿತ ಹೆಚ್ಚಾಗಿ ಹೃದಯ ಸಹಜವಾಗೇ ಸ್ವಲ್ಪ ನಿಧಾನ ಆಗುತ್ತೆ. ನಾಲ್ಕು ಎಣಿಸಿ ಒಳಗೆ, ಆರೋ ಏಳೋ ಎಣಿಸಿ ಹೊರಗೆ. ವಾಚ್ ಬಿಚ್ಚಿ ಡ್ರಾಯರಿನಲ್ಲಿಟ್ಟಿದ್ದೀನಿ. ಪ್ರೆಸೆಂಟೇಷನ್ ಮುಂಚೆ ಎದೆ ಹೊಡೆದುಕೊಂಡರೆ ಈಗ ‘ಸಮಾಧಾನ, ಸಮಾಧಾನ’ ಅಂತ ಹೇಳಿಕೊಳ್ಳಲ್ಲ. ಅಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ತೋರಿಸಿದ ಹಾಗೆ, ಹಾಡೋ ಮುಂಚೆ, ಭಾಷಣದ ಮುಂಚೆ ‘ನನಗೆ ಹುಮ್ಮಸ್ಸು ಬಂದಿದೆ’ ಅಂತ ಹೇಳಿಕೊಂಡವರು ‘ಸಮಾಧಾನವಾಗಿದ್ದೀನಿ’ ಅಂದವರಿಗಿಂತ ಚೆನ್ನಾಗಿ ಮಾಡಿದರಂತೆ. ಹೊಡೆದುಕೊಳ್ಳೋ ಎದೆಯನ್ನ ಸುಮ್ಮನಿರು ಅಂದರೆ ಅದು ಕೇಳಲ್ಲ. ಯಾಕೆ ಹೊಡೆದುಕೊಳ್ತಿದ್ದೀಯ ಅನ್ನೋದಕ್ಕೆ ಬೇರೆ ಕಾರಣ ಕೊಟ್ಟರೆ ಒಪ್ಪಬಹುದು. ಇಂಥದ್ದು ಪದೇ ಪದೇ ಆಗ್ತಿದ್ದರೆ ಉಸಿರಾಟದಲ್ಲೇ ಮುಗಿಸಬೇಡಿ, ಪ್ಯಾನಿಕ್‌ಗೆ ಒಳ್ಳೆ ಚಿಕಿತ್ಸೆ ಇದೆ. ಟೆಲಿ ಮಾನಸ್ ನಂಬರ್ 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ಸಂಕ್ರಾಂತಿಗೆ ಊರಿಗೆ ಹೋದೆ. ಹಬ್ಬದ ಮಾರನೇ ದಿನ ಸಂತೆಯಿಂದ ನಾನೇ ಎರಡು ಕೆಜಿ ಅವರೆಕಾಯಿ ತಂದೆ. ಹೇಳದೆ ಕೇಳದೆ ತಂದಿದ್ದು ಸರಿಯಾ ಅಂತ ದಾರಿಯುದ್ದಕ್ಕೂ ಅನ್ನಿಸ್ತಿತ್ತು. ಅಮ್ಮ ಕವರ್ ನೋಡಿದಳು. ಏನೂ ಅನ್ನಲಿಲ್ಲ. ಮೊರ ತಂದು ನಡುಮನೆಯಲ್ಲಿ ಇಟ್ಟು ಕೂತಳು. ನಾನೂ ಕೂತೆ. ಸುಲಿಯೋಕೆ ಶುರು ಮಾಡಿದ್ವಿ. ಬೆರಳಿಗೆಲ್ಲ ಸೊಗಡು.

ಸ್ವಲ್ಪ ಹೊತ್ತಾದ ಮೇಲೆ ಅಮ್ಮ ಸುಲಿಯೋದು ನಿಲ್ಲಿಸಿ, ಎದೆ ಮೇಲೆ ಕೈಯಿಟ್ಟುಕೊಂಡಳು. ‘ಡವಡವ ಅಂತಿದೆ ಕಣೆ’ ಅಂದಳು.

‘ನೋವಿದೆಯಾ ಅಮ್ಮ? ಬೆವರು ಬರ್ತಿದೆಯಾ?’

‘ಇಲ್ಲ.’

ಕೈ ಹಿಡಿದು, ಗೋಡೆ ಗಡಿಯಾರ ನೋಡ್ತಾ ಒಂದು ನಿಮಿಷ ಪೂರ್ತಿ ಎಣಿಸಿದೆ.

‘ಎಷ್ಟಿದೆ?’

‘ತೊಂಬತ್ತೆರಡು.’

‘ಜಾಸ್ತಿನಾ?’

‘ತೀರಾ ಏನಲ್ಲ. ಆದ್ರೂ ನಾಳೆ ಒಂದು ಇಸಿಜಿ ಮಾಡಿಸಿಬಿಡೋಣ. ಹೆದರಿಕೆ ಆಯ್ತಾ?’

ಅಮ್ಮ ತಲೆ ಅಲ್ಲಾಡಿಸಿದಳು. ‘ಹೆದರಿಕೆ ಅಲ್ಲ.’ ಇನ್ನೊಂದು ಕಾಯಿ ಕೈಗೆ ತಗೊಂಡು, ಸುಲಿಯದೆ ಹಾಗೇ ಹಿಡಿದುಕೊಂಡಿದ್ದಳು. ‘ನಾನೇ ಅಂದಿದ್ದು ಕಣೆ ಅವತ್ತು, ಗ್ಯಾಸು ಅಂತ.’

‘ಗೊತ್ತು ಅಮ್ಮ.’

‘ಗೊತ್ತಾ?’ ಅಂದಳು. ನನ್ನ ಮುಖ ನೋಡಿದಳು. ಆಮೇಲೆ ಕಾಯಿ ಬಿಡಿಸಿ ಕಾಳನ್ನ ಮೊರಕ್ಕೆ ಹಾಕಿದಳು. ‘ಸಂಕಟ ಆಗುತ್ತೆ ಕಣೆ’ ಅಂದಳು.

ಅವತ್ತು ರಾತ್ರಿ ಸಾರು ಮಾಡಿದಳು. ಉಪ್ಪು ಸ್ವಲ್ಪ ಕಡಿಮೆಯಾಗಿತ್ತು. ಇಬ್ಬರೂ ಎರಡನೇ ಸಲ ಬಡಿಸಿಕೊಂಡ್ವಿ.